ಎಡಗಿವಿಯ ಗುರುತು

ನಮ್ಮವ್ವ ಕಳಕವ್ವನ ಹೆಸರನ್ನು ರಾಜೂರಿನ ನಮ್ಮ ಮನೆಯಲ್ಲಿ ಏಳು ವರ್ಷ ಯಾರೂ ಎತ್ತಲಿಲ್ಲ. ಎತ್ತಬಾರದೆಂದು ಕಟ್ಟಪ್ಪಣೆ ಮಾಡಿದವಳು ನಮ್ಮ ಆಯಿ, ಅಂದರೆ ಅಪ್ಪನ ತಾಯಿ ಶೇಖವ್ವ. ಅದನ್ನು ಎಲ್ಲರಿಗಿಂತ ನಿಷ್ಠೆಯಿಂದ ಪಾಲಿಸಿದವಳು ನಾನು, ಅವ್ವನ ಹೊಟ್ಟೆಯಲ್ಲಿ ಹುಟ್ಟಿದ ಒಬ್ಬಳೇ ಮಗಳು. ಈಗ ಅವಳ ಬಗ್ಗೆ ಬರೆಯುವಾಗ ಯಾರನ್ನು ಬೇಕಾದರೂ ಬೈಯಬಹುದು, ಆದರೆ ನನ್ನನ್ನು ಬಿಟ್ಟು ಬೈದರೆ ಅದು ಸುಳ್ಳಾಗುತ್ತದೆ.

ನಾವು ಕುರಿ ಸಾಕುವವರು. ಸುಗ್ಗಿ ಮುಗಿದ ಮೇಲೆ ಹಿಂಡು ಹೊಡೆದುಕೊಂಡು ಹೋಗಿ ರೈತರ ಎರೆಹೊಲಗಳಲ್ಲಿ ರಾತ್ರಿ ನಿಲ್ಲಿಸುತ್ತಿದ್ದೆವು. ಕುರಿಯ ಹಿಕ್ಕೆ ಅವರ ಹೊಲಕ್ಕೆ ಗೊಬ್ಬರ, ಅದಕ್ಕೆ ಬದಲು ನಮಗೆ ಜೋಳ. ೧೯೫೦ರಲ್ಲಿ ಅಪ್ಪ ದ್ಯಾಮಪ್ಪ ಹಾಗೆ ಹೋದವನು ಮೆಣಸಗಿಯ ಹೊಳೆಸಾಲಿನ ಹೊಲದಲ್ಲಿ ಜ್ವರ ಬಂದು ಮೂರೇ ದಿನಕ್ಕೆ ತೀರಿಕೊಂಡ. ನನಗೆ ಏಳು ವರ್ಷ. ಅವ್ವನಿಗೆ ಇನ್ನೂ ಇಪ್ಪತ್ತೈದು ತುಂಬಿರಲಿಲ್ಲ. ಬಳೆ ಒಡೆದು ತಿಂಗಳಾಗುವುದರೊಳಗೆ ಆಯಿ ಅವಳನ್ನು ಊರ ಹೊರಗಿನ ಕುರಿದಡ್ಡಿಗೆ ಅಟ್ಟಿದಳು. ಬೆಳಗಾಗೆದ್ದು ಅವಳ ಬೋಳುಗೈ ನೋಡುವುದು ಬೇಡವಾಗಿತ್ತು ಮುದುಕಿಗೆ. ನಾನೂ ಅವ್ವನ ಸೆರಗು ಹಿಡಿದು ಹೋದೆ.

ದಡ್ಡಿಯೆಂದರೆ ಮುಳ್ಳುಬೇಲಿ, ಅದರೊಳಗೆ ಹಿಂಡು, ಪಕ್ಕಕ್ಕೊಂದು ಗುಡಿಸಲು. ಎರಡು ವರ್ಷ ಅವ್ವ ಅಲ್ಲಿ ಕುರಿಗಳ ಜೊತೆಗಷ್ಟೇ ಮಾತಾಡಿದಳು. ರಾತ್ರಿ ನನ್ನನ್ನು ಕಂಬಳಿಯೊಳಗೆ ಎಳೆದುಕೊಂಡು ಮಲಗುತ್ತಿದ್ದಳು. ಅಳುತ್ತಿದ್ದಳೋ ಇಲ್ಲವೋ ನನಗೆ ನೆನಪಿಲ್ಲ. ಅವಳು ನನ್ನವಳೇ, ಪೂರ್ತಿ ನನ್ನವಳು ಎಂಬುದು ಮಾತ್ರ ನೆನಪಿದೆ.

ಆಮೇಲೆ ಮೈಲಾರಪ್ಪ ಬಂದ. ಗಜೇಂದ್ರಗಡದ ಗುಡ್ಡದ ಬುಡದವನು. ಚೊಚ್ಚಲ ಹೆರಿಗೆಯಲ್ಲಿ ಹೆಂಡತಿಯೂ ಕೂಸೂ ಹೋಗಿ ನಾಲ್ಕು ವರ್ಷವಾಗಿತ್ತು. ನಮ್ಮ ಪಕ್ಕದ ಹೊಲದಲ್ಲಿ ಅವನ ಹಿಂಡು ನಿಂತಿತು. ಆಳು ಮೌನಿ, ಆದರೆ ಕೈಯಲ್ಲಿ ಗುಣವಿತ್ತು. ತಾಯಿ ಸತ್ತ ಮರಿಯ ಮೈಗೆ ಉಪ್ಪು ಸವರಿ, ಮರಿ ಕಳೆದುಕೊಂಡ ಕುರಿಯ ಮುಂದೆ ಬಿಡುತ್ತಿದ್ದ. ಕುರಿ ಮೊದಲು ಉಪ್ಪಿನ ಆಸೆಗೆ ನೆಕ್ಕುತ್ತಿತ್ತು. ನಾಲ್ಕು ದಿನಕ್ಕೆ ಮರಿ ತನ್ನದೇ ಎನ್ನುವಂತೆ ಮೊಲೆ ಕೊಡುತ್ತಿತ್ತು.

ಒಂದು ಮಧ್ಯಾಹ್ನ ಅವನು ಬುತ್ತಿ ಬಿಚ್ಚಿದಾಗ ಅವ್ವನ ಕಣ್ಣು ಅವನ ರೊಟ್ಟಿಯ ಮೇಲೆ ಬಿತ್ತು.

"ಇದ ರೊಟ್ಟಿ ಅಲ್ರಿ, ಕಾಲಾಗಿನ ಕೆರದ ಅಟ್ಟಿ," ಅಂದಳು.

"ನಾಲ್ಕ ವರ್ಷಾತು, ಇದನ್ನ ತಿಂದ ಬದುಕೀನಿ," ಅಂದ ಅವನು, ಮೋರೆ ಗಂಟಿಕ್ಕಿಯೇ.

ಅವ್ವ ನಕ್ಕಳು. ಬಾಯಿಗೆ ಸೆರಗು ಒತ್ತಿಕೊಂಡರೂ ನಗೆ ನಿಲ್ಲಲಿಲ್ಲ. ಅಪ್ಪ ಸತ್ತ ಮೇಲೆ ಅವಳು ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು. ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಮುಂದೆ ನಗದವಳು ಈ ಉದ್ದನೆಯ ಮನುಷ್ಯನ ಮುಂದೆ ಯಾಕೆ ನಗಬೇಕು? ಮರುದಿನದಿಂದ ಅವ್ವ ನಾಲ್ಕು ರೊಟ್ಟಿ ಹೆಚ್ಚು ಬಡಿದಳು. ಅವನು ನಮ್ಮ ಬೇಲಿಗೆ ಹೊಸ ಮುಳ್ಳು ಹಾಕಿದ. ಅವಳಿಗೆ ಚಳಿಯಾದೀತೆಂದು ತನ್ನ ಕಂಬಳಿಯನ್ನು ಬೇಲಿಯ ಮೇಲೆ ಒಣಹಾಕಿದವನಂತೆ ಬಿಟ್ಟುಹೋದ. ಅವರಿಬ್ಬರೂ ಒಬ್ಬರ ಕೈ ಒಬ್ಬರು ಮುಟ್ಟಿದ್ದನ್ನು ನಾನು ಕಾಣೆ. ಆದರೆ ಸಂಜೆ ಅವನ ಹಿಂಡಿನ ಗಂಟೆ ಕೇಳಿದರೆ ಅವ್ವ ಹಣೆಯ ಕೂದಲು ಸರಿಮಾಡಿಕೊಳ್ಳುತ್ತಿದ್ದಳು. ಅದನ್ನು ನಾನು ಕಂಡೆ.

ಒಂದು ದಿನ ತಲೆ ಬಾಚುತ್ತ ಕೇಳಿದಳು: "ಗೌರಿ, ನಾವಿಬ್ರೂ ಮೈಲಾರಪ್ಪನ ದಡ್ಡಿಗೆ ಹೋಗಿ ಇರೂಣೇನ?"

ನಾನು ಸುಮ್ಮನಿದ್ದೆ. ಅವಳು ಅದನ್ನೇ ಒಪ್ಪಿಗೆ ಅಂದುಕೊಂಡಳು.

ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ ಇನ್ನೊಬ್ಬನಿಗೆ ಕೊಡುವುದಕ್ಕೆ ನಮ್ಮಲ್ಲಿ ಉಡಿಕಿ ಎನ್ನುತ್ತಾರೆ. ಅದಕ್ಕೆ ತಡೆಯಿಲ್ಲ, ಮರ್ಯಾದೆಯೂ ಇಲ್ಲ. ವಾಲಗವಿಲ್ಲ, ಮುತ್ತೈದೆಯರು ಆ ಕಡೆ ಸುಳಿಯುವುದಿಲ್ಲ. ಹೊತ್ತು ಮುಳುಗಿದ ಮೇಲೆ ನಾಲ್ಕು ಜನ ವಿಧವೆಯರು ಸೀರೆ ಉಡಿಸಿ ಬಳೆ ತೊಡಿಸುತ್ತಾರೆ. ಉಡಿಕಿಯಾದವಳು ಮೊದಲ ಗಂಡನ ಮನೆಯ ಹೊಸ್ತಿಲು ಮತ್ತೆ ತುಳಿಯುವಂತಿಲ್ಲ, ಯಾರ ಮದುವೆಯಲ್ಲೂ ಅಕ್ಕಿಕಾಳು ಹಾಕುವಂತಿಲ್ಲ. ಇದೆಲ್ಲ ಗೊತ್ತಿದ್ದೇ ಅವ್ವ ಒಪ್ಪಿದಳು. ೧೯೫೨ರ ಒಂದು ಸಂಜೆ ಹನುಮಪ್ಪನ ಗುಡಿಯ ಹಿಂದೆ ಅದು ಮುಗಿಯಿತು. ನನ್ನನ್ನು ಆ ರಾತ್ರಿ ಆಯಿಯ ಹತ್ತಿರ ಬಿಟ್ಟಿದ್ದರು.

ಆಯಿ ರಾತ್ರಿಯೆಲ್ಲ ನನ್ನ ತಲೆ ಸವರಿದಳು. "ನಿಮ್ಮವ್ವಗ ಗಂಡ ಸಿಕ್ಕ, ಇನ್ನ ನೀ ಯಾರಿಗೆ ಬೇಕು? ಆ ಮನ್ಯಾಗ ನೀ ತಬ್ಬಲಿ ಮರಿ. ಉಪ್ಪ ಸವರಿ ನೆಕ್ಕಸ್ತಾರ ಅಷ್ಟ," ಅಂದಳು.

ಮರುದಿನ ಬೆಳಿಗ್ಗೆ ದಡ್ಡಿಯಲ್ಲಿ ಹಿರಿಯರು ಕೂಡಿ ಕುರಿ ಬೇರೆ ಮಾಡಿದರು. ನಮ್ಮ ಮನೆಯ ಕುರಿಗೆ ಎಡಗಿವಿಯ ತುದಿ ಕತ್ತರಿಸಿರುತ್ತದೆ. ಅವ್ವನಿಗೆ ತವರಿನಿಂದ ಬಂದ ಕುರಿಗಳಿಗೆ ಬಲಗಿವಿಯಲ್ಲಿ ಸೀಳು. ಆ ಸೀಳಿನ ಕುರಿಗಳೆಲ್ಲ ಅವಳವು. ಅವುಗಳ ಮರಿ ನಮ್ಮ ಮನೆಯಲ್ಲಿ ಹುಟ್ಟಿದ್ದರೂ, ನಮ್ಮ ಟಗರಿಗೇ ಹುಟ್ಟಿದ್ದರೂ, ತಾಯಿಯ ಬೆನ್ನಿಗೆ ಹೋಗಬೇಕು. ಅದಕ್ಕೆ ಯಾರೂ ತಕರಾರು ತೆಗೆಯಲಿಲ್ಲ. ಒಂದೊಂದೇ ಕುರಿ ಬೇಲಿಯ ಸಂದಿ ದಾಟಿತು, ಮರಿ ಅರಚುತ್ತ ಹಿಂದೆ ಓಡಿತು.

ಕೊನೆಗೆ ಮೈಲಾರಪ್ಪ ಕೈಮುಗಿದು ನಿಂತ. "ಹುಡುಗಿನ್ನೂ ಕಳಸ್ರಿ. ಮರಿ ತಾಯಿ ಹಿಂದ ಬರೂದು ನಮ್ಮ ರಿವಾಜ ಐತಿ."

ದೊಡ್ಡಪ್ಪ ತೋಟಪ್ಪ ನಕ್ಕುಬಿಟ್ಟ. "ಕುರಿಗೆ ಬಾಯಿಲ್ಲ, ಕೂಸಿಗೆ ಬಾಯಿ ಐತಿ. ಅಕಿನ್ನ ಕೇಳೂಣ. ಹೇಳವಾ ಗೌರಿ, ಹೋಗತೀಯೇನ?"

ಅವ್ವ ಬೇಲಿಯ ಆಚೆ ಹೊಸ ಹಸಿರು ಬಳೆ ತೊಟ್ಟು ನಿಂತಿದ್ದಳು. ಮುಖದಲ್ಲಿ ಸ್ವಲ್ಪವೂ ಭಯವಿರಲಿಲ್ಲ. ಅದೇ ಅವಳ ತಪ್ಪು. ಹುಟ್ಟಿದಂದಿನಿಂದ ಕುರಿ ಕಂಡವಳು, ಮರಿ ಬರುವುದಿಲ್ಲ ಎಂಬ ಯೋಚನೆಯೇ ಅವಳಿಗೆ ಬಂದಿರಲಿಲ್ಲ. ಬಂದಿದ್ದರೆ ಹಿಂದಿನ ಸಂಜೆ ಆ ಸೀರೆ ಮುಟ್ಟುತ್ತಿರಲಿಲ್ಲ.

"ನಾ ಒಲ್ಲೆ," ಅಂದೆ.

ಅವ್ವ ಒಂದು ಹೆಜ್ಜೆ ಮುಂದಿಟ್ಟಳು. ಯಾರೋ ಗದರಿದರು, ಈ ಬೇಲಿ ದಾಟುವಂತಿಲ್ಲ ಎಂದು. ನಿಂತಳು. "ಗೌರಿ," ಎಂದು ಒಮ್ಮೆ ಕರೆದಳು. ನಾನು ಆಯಿಯ ಸೀರೆಯಲ್ಲಿ ಮುಖ ಮುಚ್ಚಿಕೊಂಡೆ. ನನಗೆ ಆಗ ಗೆದ್ದಂತೆ ಅನಿಸಿತ್ತು, ಅದನ್ನು ಮುಚ್ಚಿಡುವುದಿಲ್ಲ.

ಆಮೇಲಿನ ವರ್ಷಗಳಲ್ಲಿ ಅವ್ವ ಕಂಬಳಿ ಕಳಿಸಿದಳು, ಬೆಣ್ಣೆ ಕಳಿಸಿದಳು. ಕಂಬಳಿಯನ್ನು ಕರುವಿಗೆ ಹೊದಿಸಿದೆ. ೧೯೫೮ರಲ್ಲಿ ನರೇಗಲ್ಲಿನ ಲಕ್ಷ್ಮಪ್ಪನಿಗೆ ನನ್ನನ್ನು ಕೊಟ್ಟರು. ಹಂದರದ ಆಚೆ, ಬೇವಿನ ಗಿಡದ ಕೆಳಗೆ ಅವ್ವ ನಿಂತಿದ್ದನ್ನು ಹಸೆಯ ಮೇಲಿಂದಲೇ ಕಂಡೆ. ಎಲ್ಲರೂ ಅಕ್ಕಿಕಾಳು ಹಾಕಿದಾಗ ಅವಳ ಮುಷ್ಟಿಯೂ ಮೇಲೆದ್ದಿತು, ಹಾಗೇ ಕೆಳಗಿಳಿಯಿತು. ಊಟಕ್ಕೆ ಕರೆಯಲು ಯಾರನ್ನಾದರೂ ಕಳಿಸಬಹುದಿತ್ತು. ಕಳಿಸಲಿಲ್ಲ.

ಮರುವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಮೈಲಾರಪ್ಪ ನರೇಗಲ್ಲಿನ ನಮ್ಮ ದಡ್ಡಿಗೆ ಬಂದ. ಹಿಂದೆ ಹದಿನೆಂಟು ಕುರಿ.

"ನಿಮ್ಮವ್ವ ಹೋದಳವ್ವ. ಎದಿನೋವು ಬಂದಿತ್ತು. ಹದಿನೈದ ದಿನಾತು."

"ಯಾಕ ಹೇಳಿ ಕಳಸಲಿಲ್ಲ?" ಎಂದು ಚೀರಿದೆ. ಕೇಳುವ ಹಕ್ಕು ನನಗೆಲ್ಲಿತ್ತು?

ಅವನು ನೆಲ ನೋಡಿದ. "ನಾ ಹೊಂಟಿದ್ದೆ. ಬ್ಯಾಡ ಅಂದ್ಲು. ಒಲ್ಲೆ ಅನ್ನೂದನ್ನ ಇನ್ನೊಮ್ಮಿ ಕೇಳಾಕ ನನ್ನ ಕಡಿಂದ ಆಗೂದಿಲ್ಲ ಅಂದ್ಲು."

ಕುರಿಗಳು ನನ್ನ ಸುತ್ತ ನಿಂತಿದ್ದವು. ಎಲ್ಲವಕ್ಕೂ ಎಡಗಿವಿಯ ತುದಿ ಕತ್ತರಿಸಿತ್ತು. ನಮ್ಮಪ್ಪನ ಮನೆಯ ಗುರುತು. ನಾನು ಒಲ್ಲೆ ಅಂದ ದಿನ ಅವ್ವ ಇನ್ನೂ ಗುರುತು ಮಾಡದ ಒಂದು ಹೆಣ್ಣುಮರಿಗೆ ಆ ಗುರುತು ಹಾಕಿ, ಇದು ಗೌರಿಯದು ಅಂದಿದ್ದಳಂತೆ. ಅದರ ಮರಿ, ಮರಿಯ ಮರಿ, ಒಂದನ್ನೂ ಮಾರಗೊಡಲಿಲ್ಲವಂತೆ. "ತಾಯಿ ಹಿಂದಿನವು, ನಿನ್ನವ, ತಗೋ," ಅಂದ ಮೈಲಾರಪ್ಪ.

ಕುರಿಗಳನ್ನು ಒಳಗೆ ಬಿಟ್ಟು ಅವನು ಹೊರಟ. ಅವೂ ಅವನ ಬೆನ್ನುಹತ್ತಿದವು. ತಿರುಗಿ ಬಂದು ಬಿಟ್ಟು ಹೋದ, ಮತ್ತೆ ಬೆನ್ನುಹತ್ತಿದವು. ಮೂರನೆಯ ಸಲ ನಾನೇ ಸಂದಿಗೆ ಅಡ್ಡ ನಿಂತೆ. ನನ್ನನ್ನು ತಳ್ಳಿಕೊಂಡು ಅವನ ಹಿಂದೆಯೇ ಹೋದವು. ಅವನು ಬೇಲಿಯ ಪಕ್ಕ ಕುಸಿದು ಕೂತ, ತಲೆಗೆ ಸುತ್ತಿದ್ದ ಬಟ್ಟೆಯಿಂದ ಮುಖ ಮುಚ್ಚಿಕೊಂಡ.

ಅವನನ್ನು ಅಲ್ಲಿಯವರೆಗೆ ನಾನು ಏನೆಂದೂ ಕರೆದಿರಲಿಲ್ಲ.

"ಅಪ್ಪಾ," ಅಂದೆ, "ಇವು ನನಗ ಹೊಂದೂತನಕ ಇಲ್ಲೇ ಇರು. ರೊಟ್ಟಿ ಮಾಡತೀನಿ."

ಆ ಒಂದು ಮಾತು ಕೇಳಬೇಕಾಗಿದ್ದವಳು ಬೇರೆ ಇದ್ದಳು. ಅವಳು ಬೇಲಿಯ ಆಚೆ ಏಳು ವರ್ಷ ಕಾದು ಹೋಗಿದ್ದಳು.