ತಂಬಿಗೆಯ ಮಾತು

ಶಿವು, ಗಂಗಾ, ಬಿಸಿಲೇರಿದರೂ ನೀರು ಮುಟ್ಟಿಲ್ಲವೆಂದು ಇವತ್ತು ನೀವಿಬ್ಬರೂ ಸೇರಿ ನನ್ನನ್ನು ಗದರಿಸಿದಿರಿ. ಪೂಜೆಗೆ ಕೂರುವ ಮೊದಲೇ ಗಂಗಾ ಮಜ್ಜಿಗೆಯ ಲೋಟವನ್ನು ನನ್ನ ಮುಂದೆ ಠಣ್ಣೆಂದು ಕುಕ್ಕಿ, "ಮೊದಲ ಕುಡಿ ಅಜ್ಜಿ, ಆಮ್ಯಾಲೆ ದೇವರು" ಎಂದಳು. ನಾನು ನಕ್ಕೆ. ಯಾಕೆಂದು ಕೇಳಿದಿರಿ. ಬಾಯಿಬಿಟ್ಟು ಹೇಳಲು ನನಗೆ ಈಗಲೂ ಸಂಕೋಚ. ತವರೂರು ಮಳಗಿಯ ಸಾಲೆಯಲ್ಲಿ ಕಲಿತ ನಾಲ್ಕಕ್ಷರ ಇದೆಯಲ್ಲ, ಅದರಲ್ಲಿ ಬರೆಯುತ್ತೇನೆ.

ನಾನು ಚಿಗಳ್ಳಿಗೆ ಸೊಸೆಯಾಗಿ ಬಂದಾಗ ಮಾವನ ಎದುರು ಸೊಸೆ ಮಾತಾಡುವ ರೂಢಿ ಇರಲಿಲ್ಲ. ಊಟಕ್ಕೆ ಕರೆಯಬೇಕಾದರೆ ಬಾಗಿಲ ಮರೆಯಿಂದ ಕೈ ಚಾಚಿ ಹಿತ್ತಾಳೆ ತಂಬಿಗೆಯನ್ನು ಕಲ್ಲಿನ ಮೇಲೆ ಸದ್ದಾಗುವಂತೆ ಇಡುತ್ತಿದ್ದೆ. ಮಾವ ಎದ್ದು ಬರುತ್ತಿದ್ದರು. ರೊಟ್ಟಿ ಆರುತ್ತಿದ್ದರೆ ಸದ್ದು ಸ್ವಲ್ಪ ಜೋರು. "ನಮ್ಮ ಸೊಸಿ ಮೂಕಿ, ಆಕಿ ತಂಬಗಿ ಬಾಯಾಳಿ" ಎಂದು ಅತ್ತೆ ಓಣಿಗೆಲ್ಲ ಹೇಳಿ ನಗುತ್ತಿದ್ದರು.

ನಾನು ಬಂದ ಮೊದಲ ಬೇಸಿಗೆ ನಿಮ್ಮ ಅಜ್ಜ ದಾಂಡೇಲಿಯ ಕಾಗದದ ಕಾರ್ಖಾನೆಗೆ ಹೊಸದಾಗಿ ಸೇರಿದ್ದರು. ಅತ್ತೆ ಮಗಳ ಬಾಣಂತನಕ್ಕೆ ಹಳಿಯಾಳಕ್ಕೆ ಹೋಗಿದ್ದರು. ಮನೆಯಲ್ಲಿ ಮಾವ, ನಾನು, ನಡುವೆ ತಂಬಿಗೆ. ಎತ್ತು ನೋಡಲೆಂದು ಮಾವ ಒಂದು ದಿನ ನಸುಕಿನಲ್ಲೇ ಮುಂಡಗೋಡ ಸಂತೆಗೆ ನಡೆದರು. ಬಿಸಿಲೇರುವ ಮೊದಲೇ ಬಂದು ಲಿಂಗಪೂಜೆ ಮಾಡುವ ಎಣಿಕೆ ಅವರದು. ಪೂಜೆಯಾಗದೆ ಹನಿ ನೀರನ್ನೂ ಮುಟ್ಟದ ಮನುಷ್ಯ. ಆದರೆ ಸಂತೆಯ ಎತ್ತು, ಸಂತೆಯ ಮಾತು, ಎರಡೂ ಬೇಗ ಬಿಡುವಂಥವಲ್ಲ.

ಬಂದಾಗ ನೆತ್ತಿಯ ಮೇಲೆ ಸೂರ್ಯ. ಕಟ್ಟೆಯ ಮೇಲೆ ಕುಸಿದರು. ಮುಖ ಕೆಂಡವಾಗಿತ್ತು, ಮೈಯಲ್ಲಿ ಬೆವರಿನ ಪಸೆಯಿರಲಿಲ್ಲ. ಕೊರಳ ನರ ಪಟಪಟ ಹಾರುವುದು ಬಾಗಿಲ ಮರೆಯಿಂದಲೇ ಕಾಣುತ್ತಿತ್ತು. ಕೊಳ್ಳದೇ ಬಿಟ್ಟು ಬಂದ ಎತ್ತನ್ನು ಕಟ್ಟಿಹಾಕಿ ಎಂದು ಬಡಬಡಿಸುತ್ತಿದ್ದರು. ಪಕ್ಕದ ಮನೆಯ ಬಸಪ್ಪಕಾಕಾ ಓಡಿ ಬಂದು, ಬೆವರು ಹೊರಡಲಿ ಎಂದು ಕಂಬಳಿ ಹೊದಿಸಿದರು. ನೀರು ತುಟಿಗಿಟ್ಟರೆ ಮಾವ ಹಲ್ಲು ಕಚ್ಚಿದರು. "ಪೂಜಿ ಆಗಿಲ್ಲ" ಎಂಬುದೊಂದು ಮಾತ್ರ ನೆಟ್ಟಗೆ ಬಂತು.

ನಾನು ತಂಬಿಗೆ ಕುಟ್ಟಿದೆ, ಕಂಬಳಿ ತೆಗೆಯಲಿ ಎಂದು. ಯಾರಿಗೆ ತಿಳಿಯಬೇಕು? ಆ ಭಾಷೆಯಲ್ಲಿ ಊಟದ ಕರೆ ಬಿಟ್ಟು ಬೇರೆ ಮಾತೇ ಇರಲಿಲ್ಲ.

ಹೊಸ್ತಿಲು ಹೇಗೆ ದಾಟಿದೆನೋ. ಕಂಬಳಿ ಎಳೆದು ಬಿಸಾಡಿ, ಮಾವನ ತಲೆ, ಎದೆ ತೊಯ್ಯುವಂತೆ ನೀರು ಸುರಿದೆ. ಬಸಪ್ಪಕಾಕಾ ಕಂಬಳಿ ಹೆಕ್ಕಿಕೊಂಡು ಹಿಂದೆ ಸರಿದರು. ಮಾವ ಕಣ್ಣು ಬಿಟ್ಟರು. ಆಗ ನನ್ನ ಬಾಯಿಂದ ಅವರೆದುರಿನ ಮೊದಲ ಮಾತು ಬಂತು.

"ಮಾವಾರ, ನಿಮ್ಮ ಎದಿ ಮ್ಯಾಲಿನ ಲಿಂಗಾನೂ ನಿಮ್ಮ ಜೋಡಿ ಬಿಸಲಾಗ ನಡದ ಬಂದೈತ್ರಿ. ಮೊದಲ ಅದಕ್ಕ ನೀರ ಕೊಡೂಣ್ರಿ."

ಮಾವ ಕೊರಳ ವಸ್ತ್ರ ಬಿಚ್ಚಿ ಲಿಂಗವನ್ನು ಎಡ ಅಂಗೈಗೆ ತಂದುಕೊಂಡರು. ಕೈ ನಿಲ್ಲಲಿಲ್ಲ. ಕೆಳಗೆ ನನ್ನ ಕೈ ಆನಿಸಿ, ಇನ್ನೊಂದು ಕೈಯಿಂದ ನೀರೆರೆದೆ. ಪೂಜೆಯಾಯಿತು. ಅಂಗೈಯ ನೀರನ್ನು ತೀರ್ಥವೆಂದು ಕುಡಿದರು. ಆಮೇಲೆ ಗುಟುಕು ಗುಟುಕಾಗಿ ಉಪ್ಪು ಹಾಕಿದ ಮಜ್ಜಿಗೆ. ಒದ್ದೆ ಬಟ್ಟೆ ಬದಲಿಸುತ್ತ, ಮೊರದಿಂದ ಗಾಳಿ ಬೀಸುತ್ತ ಕೂತೆ. ಮುದಿ ಮೈಗೆ ಬಾಯಾರಿಕೆ ತಡವಾಗಿ ತಿಳಿಯುತ್ತದೆ, ಮೈ ತಂಪು ಮಾಡಲು ಹೃದಯ ದುಡಿದು ದುಡಿದು ಸೋಲುತ್ತದೆ ಎಂದು ಈಗ ನಿಮ್ಮ ಡಾಕ್ಟರು ಹೇಳುತ್ತಾರೆ. ನನಗೆ ಆಗ ಗೊತ್ತಿದ್ದದ್ದು ಆ ಕೊರಳ ನರ ಒಂದೇ. ಸಂಜೆಗೆ ಅದು ನಿಧಾನವಾಗಿ ಬಡಿಯತೊಡಗಿತು, ಹಣೆಯ ಮೇಲೆ ಬೆವರ ಹನಿ ಮೂಡಿತು. ಮುತ್ತು ಕಂಡಷ್ಟು ಹಿಗ್ಗಿದೆ.

ಮರುದಿನ ರೊಟ್ಟಿ ಮಾಡಿ ತಂಬಿಗೆಗೆ ಕೈ ಹಾಕಿದೆ. ಹೊರಗಿನಿಂದ ಮಾವನ ದನಿ: "ಇನ್ನ ತಂಬಗಿ ಕುಟ್ಟಬ್ಯಾಡವಾ. ಬಾಯಿಲೆ ಕರಿ."

ಕರೆದೆ. ಓಣಿಗೆಲ್ಲ ಕೇಳಿಸಿತಂತೆ. ಆಮೇಲೆ ಪ್ರತಿ ಬೇಸಿಗೆಯಲ್ಲೂ ಮಾವ ಪೂಜೆ ಮುಗಿಸಿ, ನೀರು ಕುಡಿದೇ ಹೊಸ್ತಿಲು ದಾಟಿದರು. ಓಣಿಯ ಮುದುಕರಿಗೂ ಅದನ್ನೇ ಕಲಿಸಿದರು. ನಿಮ್ಮ ಅಪ್ಪನನ್ನು ಹೆಗಲ ಮೇಲೆ ಕೂರಿಸಿಕೊಂಡು ಸಂತೆಗೆ ಹೋದರು.

ನಾಳೆಯಿಂದ ನನ್ನ ಪೂಜೆಯೂ ನಸುಕಿಗೇ, ಗಂಗಾ. ನೀನು ಲೋಟ ಕುಕ್ಕುವ ಮೊದಲೇ ಮಜ್ಜಿಗೆ ಮುಗಿದಿರುತ್ತದೆ. ಈ ಹಾಳೆಗಳನ್ನು ಅಟ್ಟದ ಮೇಲಿನ ಆ ತಂಬಿಗೆಯೊಳಗೆ ಸುರುಳಿ ಸುತ್ತಿ ಜೋಪಾನವಾಗಿಡಿ. ನನಗೆ ಬಾಯಿ ಬಂದಾಗಿನಿಂದ ಪಾಪ, ಅದು ಸುಮ್ಮನೆ ಕೂತಿದೆ.