ಮಗ್ಗದ ಸದ್ದಿನಲ್ಲಿ ಮಾತು ಕಲಿಸುವ ಚಿನ್ನತಾಯಿ

ಬೆಳಗಿನ ಆರು ಗಂಟೆ. ಕೊಯಮತ್ತೂರು ಹತ್ತಿರದ ಕರುಮತ್ತಂಪಟ್ಟಿಯ ಮಾತಾ ಕೋಯಿಲ್ ಇಗರ್ಜಿಯಲ್ಲಿ ಈಗ ಗಂಟೆ ಹೊಡೆಯುತ್ತಿರಬೇಕು. ನನಗಂತೂ ಕೇಳಿಸುತ್ತಿಲ್ಲ. ನಾನು ನಿಂತಿರುವುದು ನಂಜಪ್ಪನ್ ಅವರ ಶೆಡ್ಡಿನಲ್ಲಿ. ಇಲ್ಲಿ ಹನ್ನೆರಡು ವಿದ್ಯುತ್ ಮಗ್ಗಗಳು ಒಟ್ಟಿಗೆ ಓಡುತ್ತಿವೆ. ಆ ಸದ್ದಿಗೆ ನನ್ನ ಹಲ್ಲು, ಕನ್ನಡಕ, ಜೇಬಿನ ಚಿಲ್ಲರೆ ಎಲ್ಲವೂ ನಡುಗುತ್ತಿವೆ.

ಚಿನ್ನತಾಯಿಗೆ ಅದರ ಪರಿವೆಯೇ ಇಲ್ಲ. ಸೀರೆಯನ್ನು ಎತ್ತಿ ಕಟ್ಟಿ, ತಲೆಗೊಂದು ಟವಲು ಸುತ್ತಿಕೊಂಡು ನಾಲ್ಕು ಮಗ್ಗಗಳ ನಡುವೆ ಓಡಾಡುತ್ತಾರೆ. ಒಂದನ್ನು ನಿಲ್ಲಿಸಿ, ಲಾಳಿಯಿಂದ ನೂಲು ಮುಗಿದ ಕಂಡಿಕೆ ತೆಗೆದು, ತುಂಬಿದ್ದನ್ನು ಹಾಕಿ, ಹಿಡಿ ಎಳೆದು ಮುಂದಿನದಕ್ಕೆ ಹೋಗುತ್ತಾರೆ. ಹಾಗೆ ಹೋಗುತ್ತಲೇ, ಶೆಡ್ಡಿನ ಆ ತುದಿಯಲ್ಲಿರುವ ಕಮಲಾತಾಳ್ ಅವರ ಕಡೆ ತಿರುಗಿ ತುಟಿ ಆಡಿಸುತ್ತಾರೆ. ಮಗಳ ಜ್ವರ ಬಿಟ್ಟಿತಾ? ಕಮಲಾತಾಳ್ ಹಣೆ ಮುಟ್ಟಿ, ಅಂಗೈ ಮಗುಚಿ ತೋರಿಸುತ್ತಾರೆ. ಬಿಟ್ಟಿದೆ. ಇಬ್ಬರ ನಡುವೆ ಮೂವತ್ತಡಿ ದೂರ, ಒಂದಿಷ್ಟೂ ದನಿಯಿಲ್ಲ. ಮಧ್ಯದಲ್ಲಿ ದಾವಣಿ ತೊಟ್ಟ ಹುಡುಗಿಯೊಬ್ಬಳು, ಗಂಜಿ ಕುಡಿದಳಾ ಎಂದು ಅದೇ ರೀತಿ ಕೇಳಿ ಆ ಮಾತಿಗೆ ತಾನೂ ಸೇರಿಕೊಳ್ಳುತ್ತಾಳೆ.

ಆ ಹುಡುಗಿ ವಾರಿಜಾಕ್ಷಿ. ಕೊಯಮತ್ತೂರಿನ ಒಂದು ಕ್ರೈಸ್ತ ಕಾಲೇಜಿನಲ್ಲಿ ಸಂವಹನ ಕಲಿಯುತ್ತಿದ್ದಾಳೆ. ಆ ವಿಭಾಗದ ಮಕ್ಕಳು ಬೇಸಿಗೆಯಲ್ಲಿ ಆರು ವಾರ ಎಲ್ಲಾದರೂ ಕೆಲಸ ಕಲಿಯಬೇಕು. ಅದಕ್ಕೆ ಇಂಟರ್ನ್‌ಶಿಪ್ ಎಂದು ಹೆಸರು. ಮಿಕ್ಕವರೆಲ್ಲ ಪತ್ರಿಕೆಗೆ, ರೇಡಿಯೋಗೆ, ಜಾಹೀರಾತು ಕಂಪನಿಗೆ ಹೋಗುತ್ತಾರೆ. ವರ್ಷಕ್ಕೆ ಒಬ್ಬರೋ ಇಬ್ಬರೋ ಚಿನ್ನತಾಯಿಯ ಹತ್ತಿರ ಬರುತ್ತಾರೆ. ಆರು ವರ್ಷದಲ್ಲಿ ಹೀಗೆ ಬಂದವರು ಒಂಬತ್ತು ಮಂದಿ.

ಹತ್ತನೆಯವರು ಬರುತ್ತಾರೋ ಇಲ್ಲವೋ ಎನ್ನುವುದು ಇವತ್ತು ತೀರ್ಮಾನವಾಗಲಿದೆ. ವಿಭಾಗಕ್ಕೆ ಹೊಸದಾಗಿ ಮುಖ್ಯಸ್ಥರಾದ ಪ್ರೊಫೆಸರ್ ದೇವರಾಜನ್, ಮಾತೇ ಕೇಳಿಸದ ಜಾಗದಲ್ಲಿ ಸಂವಹನ ಕಲಿಯುವುದೇನು ಎಂದು ಕೇಳಿದ್ದಾರೆ. ಕೇಳಬೇಕಾದ ಪ್ರಶ್ನೆಯೇ! ಹತ್ತು ಗಂಟೆಗೆ ಖುದ್ದಾಗಿ ಬಂದು ನೋಡುತ್ತಾರೆ. ಅವರಿಗೆ ಒಪ್ಪಿಗೆಯಾಗದಿದ್ದರೆ ವಾರಿಜಾಕ್ಷಿಯ ಆರು ವಾರ ಲೆಕ್ಕಕ್ಕಿಲ್ಲ, ಬರುವ ವರ್ಷದಿಂದ ಇತ್ತ ಯಾರೂ ಬರುವುದಿಲ್ಲ.

ಎಂಟು ಗಂಟೆಗೆ ಟೀ ವಿರಾಮ. ಬೇವಿನ ಮರದಡಿ ಚಿನ್ನತಾಯಿ ಮಾತಿಗೆ ಸಿಗುತ್ತಾರೆ. ವಯಸ್ಸು ನಲವತ್ತಾರು. ಮನೆಮಾತು ಕನ್ನಡ, ತಲೆಮಾರುಗಳಿಂದ ನೇಯ್ಗೆಯ ಮನೆತನ. ಮೂರನೇ ತರಗತಿವರೆಗೆ ಕಲಿತದ್ದು ತಮಿಳು. ಕನ್ನಡ ಅಕ್ಷರ ಗೊತ್ತಿಲ್ಲ. ನಾನು ಪ್ರತಿ ಪ್ರಶ್ನೆಯನ್ನೂ ಮೂರು ಸಲ ಕೇಳಬೇಕಾಗುತ್ತದೆ. ನನ್ನ ಬೆಂಗಳೂರು ಕನ್ನಡ ಇವರಿಗೆ ಹಿಡಿಸಿಲ್ಲ ಎಂದುಕೊಂಡು ಸುಮ್ಮನಾಗುತ್ತೇನೆ.

ಗಂಡ ಮೈಲ್‌ಸಾಮಿಯ ಕೈಮಗ್ಗ ಮನೆಯಲ್ಲೇ ಇತ್ತು. ಊರಿಗೆ ಕರೆಂಟು ಮಗ್ಗ ಬಂದ ಮೇಲೆ ಆ ಬಟ್ಟೆಯನ್ನು ಕೇಳುವವರಿಲ್ಲದಾಯಿತು. ಗಂಡಹೆಂಡಿರಿಬ್ಬರೂ ಶೆಡ್ಡಿಗೆ ಬಂದರು. ಅವರದು ರಾತ್ರಿ ಪಾಳಿ, ಇವರದು ಹಗಲು. "ವಾಸಲಲ್ಲಿ ನಾ ಬರ್ತೀನಿ, ಅವ್ರು ಹೋಗ್ತಾರೆ. ಸಂಸಾರ ಎಲ್ಲಾ ಆ ವಾಸಲಲ್ಲೇ ಆಗೋಯ್ತು ಸಾರ್," ಎಂದು ಶೆಡ್ಡಿನ ಬಾಗಿಲ ಕಡೆ ಕೈ ತೋರಿಸಿ ನಗುತ್ತಾರೆ. ಹನ್ನೆರಡು ಗಂಟೆಯ ಪಾಳಿಯಲ್ಲಿ ಐನೂರಕ್ಕೂ ಹೆಚ್ಚು ಸಲ ಕಂಡಿಕೆ ಬದಲಿಸುತ್ತಾರೆ. ಅವರ ನಾಲ್ಕು ಮಗ್ಗಗಳಿಂದ ದಿನಕ್ಕೆ ನೂರೈವತ್ತು ಮೀಟರ್ ಬಟ್ಟೆ ಇಳಿಯುತ್ತದೆ. ಹದಿನೆಂಟು ವರ್ಷದ ಈ ದುಡಿಮೆ ಎಡಗಿವಿಯನ್ನು ಪೂರ್ತಿ ತಿಂದಿದೆ, ಬಲಗಿವಿಯಲ್ಲಿ ಅರ್ಧ ಉಳಿದಿದೆ. ಇದನ್ನು ಹೇಳುವಾಗಲೂ ಅವರ ಮುಖದಲ್ಲಿ ದೂರಿಲ್ಲ.

ಮೊದಲ ವರ್ಷ ಬಂದ ಇಬ್ಬರು ಹುಡುಗಿಯರ ಕಥೆ ಹೇಳುವಾಗಲಂತೂ ಅವರಿಗೆ ನಗು ತಡೆಯದು. ಕಾಲೇಜಿನ ಟೇಪ್‌ರೆಕಾರ್ಡರ್ ಹೊತ್ತು ತಂದು, ದಿನವಿಡೀ ನೇಕಾರರನ್ನು ಮಾತಾಡಿಸಿ, ಸಂಜೆ ಹಾಕಿ ಕೇಳಿದರೆ ಎರಡು ಕ್ಯಾಸೆಟ್ ತುಂಬ ಮಗ್ಗದ ಸದ್ದು! ಒಬ್ಬಳು ಅತ್ತೇಬಿಟ್ಟಳು. "ನಾ ಹೇಳ್ದೆ, ಅಮ್ಮಿಣಿ, ಅಳ್ಬೇಡ. ನಮ್ಮ ಮಾತು ಆ ಪೆಟ್ಟೀಲಿ ಬೀಳಲ್ಲ, ಕಣ್ಣಲ್ಲಿ ಬೀಳ್ತದೆ. ನಾಳೆ ಪೆಟ್ಟಿ ಮನೇಲಿಟ್ಟು ಬಾ ಅಂದೆ." ಅಮ್ಮಿಣಿ ಎಂದರೆ ಈ ಕಡೆ ಹೆಣ್ಣುಮಕ್ಕಳನ್ನು ಮುದ್ದಿನಿಂದ ಕರೆಯುವ ಮಾತು.

ಅಲ್ಲಿಂದ ಶುರುವಾದ ಪಾಠಕ್ಕೆ ಪುಸ್ತಕವಿಲ್ಲ, ಕಟ್ಟಳೆಯುಂಟು. ಕೈಯಲ್ಲಿ ನೋಟುಬುಕ್ ಇರಕೂಡದು, ಬರೆಯುವವರು ತಲೆ ತಗ್ಗಿಸಿದರೆ ಅರ್ಧ ಮಾತು ಹೋಯಿತು. ಒಂದು ಸಲಕ್ಕೆ ಒಂದೇ ಪ್ರಶ್ನೆ. ಎದುರಿನವರ ಕೈಯಲ್ಲಿ ಲಾಳಿ ಇದ್ದರೆ ಕಾಯಬೇಕು. "ಕಾಲೇಜು ಪುಳ್ಳೆಗೋಳು ಕೇಳ್ತಾರೆ, ಬದ್ಲು ಬರೋಕ್ ಮುಂಚೆ ಇನ್ನೊಂದು ಕೇಳ್ತಾರೆ. ಏನವಸರ? ಮುಖ ನೋಡ್ಕೊಂಡು ನಿಲ್ಲಿ, ಬರ್ತದೆ ಅಂತೀನಿ." ಎರಡನೇ ವರ್ಷ ಬಂದಿದ್ದ ಗೋಪಾಲಸಾಮಿ ಈಗ ವಾಲ್ಪಾರೈಯ ಟೀ ಎಸ್ಟೇಟಿನ ಕೂಲಿ ಲೈನುಗಳಲ್ಲಿ ಆರೋಗ್ಯ ಪ್ರಚಾರದ ಕೆಲಸ ಮಾಡುತ್ತಾನೆ. ದೀಪಾವಳಿಗೆ ತಪ್ಪದೆ ಕಾಗದ ಬರೆಯುತ್ತಾನೆ. ಅಲ್ಲಿನ ಹೆಂಗಸರು ಬಾಯಿಬಿಟ್ಟು ಹೇಳದ ನೋವು ತನಗೆ ಮುಖದಲ್ಲೇ ಕಾಣುತ್ತದಂತೆ.

"ಮೊದಲ ವಾರ ನಂಗೆ ತಲೆನೋವು, ಅಳು," ಎನ್ನುತ್ತಾಳೆ ವಾರಿಜಾಕ್ಷಿ. "ಈಗ ಮನೇಲಿ ಅಮ್ಮ ಮಾತಾಡೋವಾಗ ಮುಖ ನೋಡ್ತೀನಿ. ಏನೇ ಹಾಗೆ ನೋಡ್ತೀಯ ಅಂತ ಬೈತಾಳೆ. ಇಪ್ಪತ್ತು ವರ್ಷ ನಾನವಳ ಮುಖಾನೇ ನೋಡಿರ್ಲಿಲ್ಲ ಅಂಕಲ್." ಹೇಳಿ ಮುಗಿಸುವಾಗ ಅವಳ ಕಣ್ಣು ತುಂಬಿದೆ, ನಗುತ್ತಲೂ ಇದ್ದಾಳೆ.

ಹತ್ತಕ್ಕೆ ಸರಿಯಾಗಿ ಪ್ರೊಫೆಸರರ ಸ್ಕೂಟರು ಬರುತ್ತದೆ. ಎತ್ತರದ ಆಳು. ಇಸ್ತ್ರಿಯ ಅಂಗಿ, ಮೇಲ್ದುಟಿಯನ್ನು ಪೂರ್ತಿ ಮುಚ್ಚಿದ ಪೊದೆ ಮೀಸೆ. ಒಳಗೆ ಬಂದವರೇ ಕಿವಿ ಮುಚ್ಚಿಕೊಳ್ಳುತ್ತಾರೆ. ಚಿನ್ನತಾಯಿಯನ್ನು ಏನೋ ಕೇಳುತ್ತಾರೆ, ಇವರು ಮಿಕಮಿಕ ನೋಡುತ್ತಾರೆ. ಮತ್ತೆ ಕೇಳುತ್ತಾರೆ. ಇವರು ತಲೆ ಅಲ್ಲಾಡಿಸುತ್ತಾರೆ. ಪ್ರೊಫೆಸರ್ ಡೈರಿಯಲ್ಲಿ ಏನೋ ಗೀಚಿಕೊಳ್ಳುತ್ತಾರೆ. ಕೆಟ್ಟಿತು ಕೆಲಸ!

ಕೊನೆಗೆ ಅವರು ವಾರಿಜಾಕ್ಷಿಯ ಕಡೆ ತಿರುಗಿ, ಇದ್ದಬದ್ದ ಉಸಿರನ್ನೆಲ್ಲ ಸೇರಿಸಿ ತಮಿಳಿನಲ್ಲಿ ಕೂಗುತ್ತಾರೆ. ಅದೇ ಕ್ಷಣಕ್ಕೆ ಕರೆಂಟು ಹೋಗುತ್ತದೆ. ಹನ್ನೆರಡು ಮಗ್ಗವೂ ಗಪ್ಪೆಂದು ನಿಲ್ಲುತ್ತವೆ. "ಇಲ್ಲಿ ನೀನು ಏನಮ್ಮಾ ಕಲಿತೆ?" ಎಂಬ ಕೂಗು ತಗಡಿನ ಸೂರಿಗೆ ಬಡಿದು ವಾಪಸು ಬರುತ್ತದೆ. ಹೊರಗಿದ್ದ ಕಾಗೆಗಳು ಹಾರುತ್ತವೆ.

ವಾರಿಜಾಕ್ಷಿ ಉತ್ತರ ಕೊಡುತ್ತಾಳೆ. ತುಟಿ ಆಡುತ್ತದೆ, ಎರಡು ಬೆರಳು ಮೂಗಿನ ಕೆಳಗೆ ಹೋಗಿ ಬರುತ್ತವೆ, ದನಿ ಮಾತ್ರ ಇಲ್ಲ. ಸೂಜಿ ಬಿದ್ದರೂ ಕೇಳುವ ನಿಶ್ಶಬ್ದದಲ್ಲಿ ಹುಡುಗಿ ಸದ್ದಿಲ್ಲದೆ ಮಾತಾಡುತ್ತಿದ್ದಾಳೆ, ಅದು ಅವಳ ಗಮನಕ್ಕೇ ಬಂದಿಲ್ಲ. ಕರೆಂಟು ಹೋದರೂ ಈ ಶೆಡ್ಡಿನವರಿಗೆ ಸ್ವಲ್ಪ ಹೊತ್ತು ದನಿ ನೆನಪಾಗುವುದಿಲ್ಲ. ಅವಳೂ ಇವರಲ್ಲಿ ಒಬ್ಬಳಾಗಿದ್ದಾಳೆ. ಕಮಲಾತಾಳ್ ಬಾಯಿಗೆ ಸೆರಗು ಒತ್ತಿಕೊಂಡು ಕುಲುಕಿ ಕುಲುಕಿ ನಗುತ್ತಾರೆ.

"ಏನಂದಳು?" ಪ್ರೊಫೆಸರ್ ತಬ್ಬಿಬ್ಬಾಗುತ್ತಾರೆ.

ಚಿನ್ನತಾಯಿ ಸೆರಗು ಸರಿಮಾಡಿಕೊಂಡು ತಮಿಳಿನಲ್ಲಿ ಹೇಳುತ್ತಾರೆ, "ಕೋಪ ಮಾಡ್ಕೋಬೇಡಿ ಸಾರ್. ನೀವು ಕೇಳಿದ್ದು ನನಗೆ ಯಾಕೆ ತಿಳಿಯಲಿಲ್ಲ ಅಂತ ಹೇಳ್ತಿದಾಳೆ. ನಿಮ್ಮ ಮೀಸೆ ಅಡ್ಡ ಬಂತಂತೆ. ನೀವು ಬಂದಾಗಿಂದ ನಾನು ಅದನ್ನೇ ಅಂದುಕೊಳ್ತಿದ್ದೆ. ನಾನು ಒಂದು ಮಾತೂ ಆಡಲಿಲ್ಲ, ನನ್ನ ಮುಖದಲ್ಲೇ ಓದಿಬಿಟ್ಟಳು."

ಆ ಪೊದೆ ಮೀಸೆ ಅದುರುತ್ತದೆ, ಪ್ರೊಫೆಸರ್ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಡೈರಿಯಲ್ಲಿ ಗೀಚಿದ್ದನ್ನು ಅಡ್ಡಗೆರೆ ಎಳೆದು ಹೊಡೆದುಹಾಕುತ್ತಾರೆ. "ಬರುವ ವರ್ಷ ಮೂವರನ್ನು ಕಳಿಸ್ತೀನಮ್ಮ, ಸುಧಾರಿಸ್ತೀರಾ?" ಎಂದು ಕೇಳುವಾಗ ಎರಡು ಬೆರಳಿಂದ ಮೀಸೆಯನ್ನು ಮೇಲೆತ್ತಿ ಹಿಡಿದಿರುತ್ತಾರೆ. ಈ ಸಲ ಚಿನ್ನತಾಯಿಗೆ ಒಂದೇ ಏಟಿಗೆ ತಿಳಿಯುತ್ತದೆ. "ಸರೀಂಗ" ಎಂದು ಹೇಳಿ, ಆನಂದಕ್ಕೆ ವಾರಿಜಾಕ್ಷಿಯ ಬೆನ್ನಿಗೊಂದು ಗುದ್ದು ಕೊಡುತ್ತಾರೆ.

ಕರೆಂಟು ಬರುತ್ತದೆ. ಹೊರಡುವ ಮುನ್ನ ನಾನು, ಪತ್ರಿಕೆಯವರೆಲ್ಲ ಕೇಳುವ ಹಳೆಯ ಪ್ರಶ್ನೆಯನ್ನೇ ಕೇಳುತ್ತೇನೆ. ನಿಮಗೇನಾದರೂ ಆಸೆ ಇದೆಯೇ? ಅವರು ನನ್ನನ್ನು ಬಾಗಿಲಾಚೆ ಎಳೆದುಕೊಂಡು ಬಂದು ಹೇಳುತ್ತಾರೆ:

"ಪೇಪರಲ್ಲಿ ನನ್ನ ಕಥೆ ಬರ್ತದೆ ಅಂತೀರ. ಕನ್ನಡ ನಂಗೂ ಓದೋಕ್ ಬರಲ್ಲ, ಈ ಅಮ್ಮಿಣಿಗೂ ಬರಲ್ಲ. ನೀವೇ ಒಂದಿನ ಬಂದು ಓದಿ ಸಾರ್. ಮಗ್ಗ ನಿಲ್ಸೋಕ್ ಆಗಲ್ಲ, ಅದ್ರ ಮುಂದೆ ನಿಂತು ಬಾಯಿ ಆಡ್ಸುದ್ರೆ ಸಾಕು, ನಾ ಪೂರಾ ಓದ್ಕೊಳ್ತೀನಿ." ಕಂಡಿಕೆ ಬದಲಿಸಲು ಒಳಗೆ ಓಡಿದವರು ಬಾಗಿಲಲ್ಲಿ ನಿಂತು ನನ್ನ ಮೀಸೆಯನ್ನೊಮ್ಮೆ ದಿಟ್ಟಿಸುತ್ತಾರೆ. ಎರಡು ಬೆರಳನ್ನು ಕತ್ತರಿಯಂತೆ ಮಾಡಿ, ಮೂಗಿನ ಕೆಳಗೆ ಎರಡು ಸಲ ಆಡಿಸುತ್ತಾರೆ.