ಗೆಸ್ಟ್ ಪುಸ್ತಕದಲ್ಲಿ ನನ್ನ ಸಹಿ

"ಇದು ಯಾರ ಸೈನು?"

ಕಳೆದ ವಾರ ಅಬಕಾರಿ ಕಚೇರಿಯಲ್ಲಿ ಅಧಿಕಾರಿ ಮೇಡಂ ಒಂದು ದಪ್ಪ ಪುಸ್ತಕವನ್ನು ನಮ್ಮ ಕಡೆ ತಿರುಗಿಸಿ ಕೇಳಿದರು. ಪುಟದಲ್ಲಿ ನಾಲ್ಕು ಹೆಸರು. ನಾಲ್ಕರ ಮುಂದೆಯೂ ಒಂದೇ ಸಹಿ. ಬಗ್ಗಿ ನೋಡಿದೆ.

ನನ್ನದೇ!

ಆದರೆ ಆ ನಾಲ್ವರ ಮುಖವನ್ನು ನಾನು ಜನ್ಮದಲ್ಲಿ ನೋಡಿಲ್ಲ.

ಮೊದಲಿಂದ ಹೇಳಿಬಿಡುತ್ತೇನೆ. ಊರಿಗಾಂನಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ ಎಂಬುದು ಈ ಅಂಕಣ ಓದುವವರಿಗೆ ಗೊತ್ತು. ಡಾಕ್ಟರ ಚೀಟಿ ಇಲ್ಲದೆ ನಿದ್ದೆ ಮಾತ್ರೆ ಕೊಡದ ಜಿಗುಟು ಮನುಷ್ಯ ಎಂಬುದೂ ಗೊತ್ತು. (ಆ ಕಾರಣಕ್ಕೆ ಮುನಿಸಿಕೊಂಡವರಲ್ಲಿ ನನ್ನ ಸ್ವಂತ ಭಾವನೂ ಒಬ್ಬರು.) ಗೊತ್ತಿಲ್ಲದ್ದು ಇಷ್ಟು: ನಾನು ಇಲ್ಲೇ ಒಂದು ಕ್ಲಬ್ಬಿನ ಮೆಂಬರ್. ಚಿನ್ನದ ಗಣಿ ಕಂಪನಿಯ ಕಾಲದ ಕಟ್ಟಡ, ತಗಡಿನ ಮಾಡು, ಬಟ್ಟೆ ಹರಿದ ಬಿಲಿಯರ್ಡ್ಸ್ ಮೇಜು. ಶನಿವಾರ ಸಂಜೆ ಹೋಗಿ ಕೇರಂ ಆಡುತ್ತೇನೆ, ಒಂದು ಬಿಯರ್ ಕುಡಿಯುತ್ತೇನೆ. ಅಪರೂಪಕ್ಕೆ ಎರಡು.

ಕ್ಲಬ್ಬಿನ ಮದ್ಯದ ಲೈಸೆನ್ಸಿಗೆ ಒಂದು ನಿಯಮವಿದೆ. ಮೆಂಬರಿಗೆ ಕೊಡಬಹುದು, ಮೆಂಬರ್ ಕರೆತಂದ ಅತಿಥಿಗೆ ಕೊಡಬಹುದು. ದಾರಿಹೋಕರಿಗೆ ಕೊಡುವಂತಿಲ್ಲ. ಅತಿಥಿ ಬಂದರೆ ಗೆಸ್ಟ್ ಪುಸ್ತಕದಲ್ಲಿ ಅವನ ಹೆಸರು ಬರೆದು, ಕರೆತಂದ ಮೆಂಬರ್ ಸಹಿ ಹಾಕಬೇಕು.

ನಮ್ಮಲ್ಲಿ ಏನಾಗುತ್ತಿತ್ತು? ಆಟದ ನಡುವೆ ಬೇರರ್ ಮುನಿರಾಜು ಬಂದು ಪುಸ್ತಕ ಹಿಡಿಯುತ್ತಿದ್ದ. ಹೆಸರಿನ ಜಾಗ ಖಾಲಿ. "ಸಾರ್, ಸೆಕ್ರೆಟರಿ ಯೋಳವ್ರೆ. ಒಂದತ್ತು ಸೈನ್ ಆಕ್ಬುಡಿ." ನಾನು ಸ್ಟ್ರೈಕರ್ ಎಡಗೈಗೆ ಬದಲಾಯಿಸಿ ಸರಸರ ಗೀಚುತ್ತಿದ್ದೆ. ಯಾರಿಗಾಗಿ? ಯಾವತ್ತಿಗೆ? ಕೇಳಿದವನೇ ಅಲ್ಲ. ಸೈನ್ ತಾನೆ!

ತಿಂಗಳ ಹಿಂದೆ, ಒಂದು ಬುಧವಾರ. ಸಂಜೆ ಆರರ ಸುಮಾರು. ನಾನು ಅಂಗಡಿಯಲ್ಲಿದ್ದೆ. ಮುನಿರಾಜು ಒಬ್ಬ ಹೆಂಗಸನ್ನು ಹೆಚ್ಚುಕಡಿಮೆ ಹೊತ್ತುಕೊಂಡೇ ಬಂದ. ವೆಂಕಟಲಕ್ಷ್ಮಮ್ಮ. ಪಕ್ಕದ ಹಳ್ಳಿಯವರು, ಮೂರು ಹಸು ಕಟ್ಟಿಕೊಂಡವರು. ದಿನಾ ಸಂಜೆ ಹಾಲಿನ ಕ್ಯಾನ್ ಹಿಡಿದು ಕ್ಲಬ್ ಮುಂದಿನ ರಸ್ತೆಯಲ್ಲೇ ಡೇರಿಗೆ ಹೋಗುತ್ತಾರೆ. ಬಲಗೈ ಮಣಿಕಟ್ಟು ಆಗಲೇ ಬಾತಿತ್ತು. ಸೀರೆಯೆಲ್ಲ ಹಾಲು, ಕೆಸರು.

ಕ್ಲಬ್ಬಿನಲ್ಲಿ ಕುಡಿದ ನಾಲ್ವರು ಗೇಟಿನ ಬಳಿ ಹೊಡೆದಾಡಿಕೊಂಡಿದ್ದರು. ಒಬ್ಬ ತಳ್ಳಿದ ರಭಸಕ್ಕೆ ಇನ್ನೊಬ್ಬ ಈಕೆಯ ಮೇಲೆ ಬಿದ್ದ. ಈಕೆ ಕ್ಯಾನ್ ಸಮೇತ ಚರಂಡಿಗೆ. ಬೈದದ್ದೇ ತಪ್ಪಾಯಿತು. ಅವರಲ್ಲೊಬ್ಬ ಒಡೆದ ಬಾಟಲಿ ಎತ್ತಿಕೊಂಡು ಮೇಲೇರಿ ಬಂದ. ಮುನಿರಾಜು ಓಡಿಬಂದು ಅಡ್ಡ ನಿಂತಿರದಿದ್ದರೆ? ಅವನ ಮುಂಗೈಯಲ್ಲೂ ಉದ್ದಕ್ಕೆ ಗೀರಿತ್ತು, ರಕ್ತ ಸೋರುತ್ತಿತ್ತು.

ಆಕೆಯ ಕೈ ಅಲುಗದಂತೆ ರಟ್ಟು ಇಟ್ಟು ಕಟ್ಟಿದೆ. "ಮೂಳೆ ಮುರಿದಿರೋ ಹಾಗಿದೆಯಮ್ಮ. ಈಗಲೇ ಆಸ್ಪತ್ರೆಗೆ ಹೋಗಿ" ಎಂದೆ. ಆಕೆ ಅಳಲಿಲ್ಲ.

"ನಾಳೆ ಒತ್ತಾರೆ ಅಸ ಕರೆಯೋರು ಯಾರಣ್ಣ? ಕರೀದಿದ್ರೆ ಕೆಚ್ಲು ಬಾತ್ಕೊಂತದೆ."

"ಮನೇಲಿ ಬೇರೆ ಯಾರೂ ಇಲ್ವಾ?"

"ನಮ್ಮೆಜಮಾನ್ರು ಗಾರೆ ಕೆಲ್ಸಕ್ಕೆ ಬೆಂಗ್ಳೂರಿಗೆ ಓಗ್ತಾರೆ. ಬಂಗಾರ್‌ಪೇಟೇಲಿ ಟ್ರೈನ್ ಇಡೀಬೇಕು ಅಂದ್ರೆ ಕತ್ಲಲ್ಲೇ ಒಂಟೋಯ್ತಾರೆ."

ನನಗೆ ರೇಗಿಹೋಯಿತು. "ಎಂಥೆಂಥವರನ್ನೆಲ್ಲ ಒಳಗೆ ಸೇರಿಸ್ತಾರಯ್ಯಾ! ಯಾರವನು, ಇವರನ್ನ ಒಳಗೆ ಬಿಟ್ಟೋನು?" ಎಂದು ಕೂಗಾಡಿದೆ. ಮುನಿರಾಜು ನನ್ನ ಮುಖವನ್ನೇ ನೋಡಿದ. ಗಾಯ ಉರಿಯುತ್ತಿರಬೇಕು ಅಂದುಕೊಂಡೆ.

ಆ ಗೇಟಿನ ಮುಂದೆ ಗಲಾಟೆ ಇದೇ ಮೊದಲಲ್ಲ. ಈ ಸಲ ಪೊಲೀಸರು ವರದಿ ಬರೆದರು. ಇಂಥ ಕ್ಲಬ್ಬಿಗೆ ಮದ್ಯದ ಲೈಸೆನ್ಸ್ ಮುಂದುವರಿಸಬೇಕೇ ಎಂದು ಅಬಕಾರಿಯವರು ವಿಚಾರಣೆ ಇಟ್ಟರು. ಸೆಕ್ರೆಟರಿ ಜಯಪಾಲ್ ಅಂಗಡಿಗೇ ಬಂದರು. "ಸಾರ್, ಪತ್ರಿಕೇಲಿ ಬರೆಯೋರು ನೀವು. ನಿಮ್ಮ ಮಾತಿಗೆ ತೂಕ ಇರುತ್ತೆ. ಕ್ಲಬ್ ಪರವಾಗಿ ಎರಡು ಮಾತಾಡಿ."

ಒಪ್ಪಿಕೊಂಡೆ. ಯಾಕೆ? ಮುನಿರಾಜುವಿನಂಥವರ ಕೆಲಸ ಹೋಗಬಾರದು ಎಂದು. (ನಿಜ ಹೇಳಲೇ? ನನ್ನ ಶನಿವಾರ ಹೋಗಬಾರದು ಎಂದೂ.)

ವಿಚಾರಣೆಯ ದಿನ ಜಯಪಾಲ್ ಕಾರಿನಲ್ಲಿ ಹೊರಟೆವು. ಹಿಂದಿನ ಸೀಟಿನಲ್ಲಿ ಮುನಿರಾಜು, ಗೆಸ್ಟ್ ಪುಸ್ತಕವನ್ನು ತೊಡೆಯ ಮೇಲೆ ಇಟ್ಟುಕೊಂಡು. ಬಂಗಾರಪೇಟೆ ದಾಟುವವರೆಗೂ ಜಯಪಾಲ್ ಪಾಠ ಹೇಳಿಕೊಟ್ಟರು. "ಗಲಾಟೆ ಆಗಿದ್ದು ರೋಡಲ್ಲಿ, ಕ್ಲಬ್ ಒಳಗಲ್ಲ. ಬುಕ್ ಪಕ್ಕಾ ಇದೆ, ಒಂದೊಂದು ಗೆಸ್ಟಿಗೂ ಮೆಂಬರ್ ಸೈನ್ ಇದೆ. ಧೈರ್ಯವಾಗಿರಿ ಸಾರ್, ಪಾತ್ಕಲಾಂ." ನೋಡಿಕೊಳ್ಳೋಣ ಎಂದು ನಾನೂ ತಲೆಯಾಡಿಸಿದೆ.

ವಿಚಾರಣೆ ಕೋಣೆ ಚಿಕ್ಕದು. ಒಂದು ಮೂಲೆಯಲ್ಲಿ ವೆಂಕಟಲಕ್ಷ್ಮಮ್ಮ ಕುಳಿತಿದ್ದರು. ಬಲಗೈಗೆ ಮೊಣಕೈವರೆಗೂ ಪ್ಲಾಸ್ಟರ್. ನನ್ನನ್ನು ನೋಡಿ ನಕ್ಕರು. ತನ್ನ ಕಡೆಯವನು ಬಂದ ಎಂದುಕೊಂಡಿರಬೇಕು! ಆಕೆಯ ಆ ನಗುವನ್ನು ಎದುರಿಸಲಾಗದೆ ತಲೆಯೆತ್ತಿ ಫ್ಯಾನ್ ನೋಡಿದೆ.

ಪೊಲೀಸರು ವರದಿ ಓದಿದರು. ಆಕೆ ನಡೆದದ್ದನ್ನು ಹೇಳಿದರು. ಬಾಟಲಿಯ ವಿಷಯಕ್ಕೆ ಬಂದಾಗ ಮಾತ್ರ ದನಿ ಕುಗ್ಗಿತು. ಆಮೇಲೆ ಜಯಪಾಲ್ ಎದ್ದರು. "ಮೇಡಂ, ಹೊರಗಿನವರಿಗೆ ನಾವು ಕೊಡೋದೇ ಇಲ್ಲ. ಆ ನಾಲ್ವರೂ ಒಬ್ಬ ಮೆಂಬರ್ ಕರೆತಂದ ಗೆಸ್ಟ್. ಬುಕ್ ನೋಡಿ."

ಮೇಡಂ ಬುಕ್ ನೋಡಿದರು. ತಿರುಗಿಸಿದರು. ಕೇಳಿದರು.

"ನಂದು" ಎಂದೆ.

"ಇವರು ನಿಮಗೆ ಹೇಗೆ ಪರಿಚಯ?"

ಎರಡೇ ದಾರಿ. ಗೆಳೆಯರು ಅಂದರೆ ಕ್ಲಬ್ ಉಳಿಯಬಹುದು. ಗೊತ್ತಿಲ್ಲ ಅಂದರೆ ಕ್ಲಬ್ಬೂ ಹೋಯಿತು, ನನ್ನ ಮಾನವೂ ಹೋಯಿತು. ಜಯಪಾಲ್ ಕಿಟಕಿಯ ಕಡೆ ನೋಡುತ್ತಿದ್ದರು. ಈ ಸಹಿ ಯಾರದೆಂದು ಅವರಿಗೆ ಮೊದಲೇ ಗೊತ್ತಿತ್ತು ಎಂಬುದು ನನಗೆ ಆಗ ಹೊಳೆಯಿತು. ಮುನಿರಾಜು ಅಂಗಡಿಯಲ್ಲಿ ನನ್ನ ಮುಖವನ್ನೇಕೆ ಹಾಗೆ ನೋಡಿದ್ದ ಎಂಬುದೂ.

ಪುಸ್ತಕವನ್ನು ಮೇಡಂ ಕಡೆಗೇ ಸರಿಸಿದೆ.

"ಇವರು ಯಾರೂ ನನಗೆ ಗೊತ್ತಿಲ್ಲ ಮೇಡಂ. ಖಾಲಿ ಪುಟಕ್ಕೆ ಸೈನ್ ಹಾಕಿ ಕೊಟ್ಟಿದ್ದೆ. ಆವತ್ತು ನಾನು ಕ್ಲಬ್ಬಿಗೆ ಹೋಗೇ ಇಲ್ಲ. ಅಂಗಡೀಲಿ ಈ ತಾಯಿಯ ಕೈಗೆ ಕಟ್ಟು ಕಟ್ತಿದ್ದೆ."

"ಮೇಡಂ, ಸಾರ್‌ಗೆ ವಯಸ್ಸಾಯ್ತು, ಮರೆತಿರ್ತಾರೆ..." ಜಯಪಾಲ್ ಬಾಯಿ ಹಾಕಿದರು.

"ಅವರು ಮಾತಾಡಲಿ. ಎಷ್ಟು ಸಲ ಹೀಗೆ ಸೈನ್ ಹಾಕಿದ್ದೀರಿ?"

ನಾನು ಉತ್ತರಿಸಬೇಕಾಗಲಿಲ್ಲ. ಅವರೇ ಪುಟ ಮಗುಚಿದರು. ಒಂದೊಂದು ಪುಟದಲ್ಲೂ ನಾನೇ. ನನಗೆ ಅಷ್ಟು ಸ್ನೇಹಿತರಿದ್ದಿದ್ದರೆ ಚುನಾವಣೆಗೇ ನಿಲ್ಲಬಹುದಿತ್ತು!

ಆಗ ಹಿಂದಿನಿಂದ ಒಂದು ದನಿ. "ಮೇಡಂ, ಪುಸ್ತಕ ತಗಂಡೋಗಿ ಸೈನ್ ಆಕಿಸ್ತಿದ್ದುದು ನಾನೇ. ನಂದೂ ತಪ್ಪೈತೆ." ಮುನಿರಾಜು. ಅವನನ್ನು ಯಾರೂ ಏನೂ ಕೇಳಿರಲಿಲ್ಲ.

"ಅವನಿಗೆ ಹೇಳಿದ ಕೆಲಸ ಅವನು ಮಾಡಿದ ಮೇಡಂ. ನಾನು ಕೇಳಬೇಕಿತ್ತು, ಕೇಳಲಿಲ್ಲ" ಎಂದೆ. ಮೇಡಂ ಎರಡನ್ನೂ ಬರೆದುಕೊಂಡರು. ವಿಚಾರಣೆ ಮುಗಿಯುವವರೆಗೆ ಮದ್ಯ ಕೊಡುವಂತಿಲ್ಲ ಎಂದು ಅಲ್ಲೇ ಆದೇಶವಾಯಿತು. ಅಂತಿಮ ತೀರ್ಮಾನ ಇನ್ನೂ ಬಂದಿಲ್ಲ.

ಕಚೇರಿಯ ಮೆಟ್ಟಿಲ ಮೇಲೆ ಜಯಪಾಲ್ ನನ್ನನ್ನು ದಾಟಿ ಹೋಗಿ ಮುನಿರಾಜುವಿಗೆ ಹೇಳಿದರು, "ನಾಳೆಯಿಂದ ಬರಬೇಡ." ಇಬ್ಬರನ್ನೂ ಅಲ್ಲೇ ಬಿಟ್ಟು ಕಾರು ಹೊರಟಿತು.

ನಿಂತಲ್ಲೇ ಯೋಚಿಸಿದೆ. ಎಷ್ಟು ಕಡೆ ಹೀಗೆ ಗೀಚಿದ್ದೇನೆ? ಗುರುತಿಲ್ಲದವನ ನಡತೆಗೆ ಪ್ರಮಾಣಪತ್ರ. ನೋಡದ ಮನೆಗೆ ವಾಸದ ದೃಢೀಕರಣ. ಓದದ ಮನವಿಗೆ ಬೆಂಬಲ. ನೀವು? ಇಲ್ಲ ಅನ್ನುವುದಕ್ಕಿಂತ ಸಹಿ ಹಾಕುವುದು ಸುಲಭ, ಅಲ್ಲವೇ? ಅದನ್ನು ನಾವು ದಾಕ್ಷಿಣ್ಯ ಅನ್ನುತ್ತೇವೆ, ಉಪಕಾರ ಅನ್ನುತ್ತೇವೆ. ಅದರ ಪೆಟ್ಟು ತಿನ್ನುವವರು ಮಾತ್ರ ಆ ಪುಟದಲ್ಲಿ ಎಲ್ಲೂ ಇರುವುದಿಲ್ಲ.

ಬಸ್ಸು ಹತ್ತಿದೆವು. ಅದೇ ಬಸ್ಸಿನಲ್ಲಿ ವೆಂಕಟಲಕ್ಷ್ಮಮ್ಮ. ಮುನಿರಾಜು ಅವರ ಹಿಂದಿನ ಸೀಟಿನಲ್ಲಿ ಕುಳಿತ. "ಮುಂದೇನಯ್ಯಾ?" ಎಂದೆ. "ಬಂಗಾರ್‌ಪೇಟೇಲಿ ಯಾವ್ದಾದ್ರೂ ಓಟ್ಲಲ್ಲಿ ಕೇಳ್ತೀನಿ, ಬುಡಿ ಸಾರ್" ಎಂದು ಕಣ್ಣು ಮುಚ್ಚಿಕೊಂಡ. ಮುಂಗೈಯ ಗಾಯ ಒಣಗಿ ಕಪ್ಪಾಗಿತ್ತು.

ನಾನು ಆಕೆಯ ಹತ್ತಿರ ಹೋಗಿ ಕಂಬಿ ಹಿಡಿದು ನಿಂತೆ. "ಹಸು ಯಾರು ಕರೀತಿದ್ದಾರಮ್ಮ?"

"ಪಕ್ಕದ್ ಮನೆಯೋರು ಬತ್ತಾವ್ರೆ. ಒಂದಸ ಅವ್ರಿಗೆ ಸೊರ ಬುಡಲ್ಲ, ಆಲು ಇಳ್ಸಲ್ಲ. ಎಡಗೈಲಿ ನಾನೇ ಎಂಗೋ ಇಂಡ್ತೀನಿ."

"ತಪ್ಪಾಯ್ತಮ್ಮ" ಎಂದೆ.

ಆಕೆ ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು. ಸಿಟ್ಟಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನಾನು ಎಬ್ಬೆಟ್ಟು ಒತ್ತೋಳು ಕಣಣ್ಣ. ಒತ್ತೋಕ್ ಮುಂಚೆ ಯಾತಕ್ಕೆ, ಏನಕ್ಕೆ ಅಂತ ನಾಕ್ ಸಲ ಕೇಳ್ತೀನಿ. ಓದ್ಕೊಂಡಿರೋ ನೀವು ಒಂದ್ಸಲಾನೂ ಕೇಳ್ಳಿಲ್ವಾ?"